‘ದೇಶ ಸುತ್ತು’ ಎಂದವರೇ ಕಳಿಸಿಕೊಡಬೇಕು

‘ದೇಶ ಸುತ್ತು, ಕೋಶ ಓದು.’ ಬೀಳ್ಕೊಡುಗೆ ಸಮಾರಂಭಕ್ಕೆ ಬಂದ ಅತಿಥಿಗಳು ಈ ಮಾತು ಹೇಳುತ್ತಾರೆ, ಶಾಲೆಯ ಗೋಡೆಯ ಮೇಲೆ ಬರೆಸುತ್ತಾರೆ, ಪ್ರಬಂಧ ಸ್ಪರ್ಧೆಗೆ ವಿಷಯವಾಗಿ ಕೊಡುತ್ತಾರೆ. ಮಕ್ಕಳು ಎರಡು ಪುಟ ತುಂಬಿಸಿ ಬಹುಮಾನವನ್ನೂ ತರುತ್ತಾರೆ. ಆದರೆ ಅದೇ ಮಗು ಗಾದೆಯ ಮೊದಲ ಅರ್ಧವನ್ನು ನಂಬಿ ‘ನಾ ಹೊಂಟೆ’ ಅಂದ ದಿನ ಮನೆಯಲ್ಲಿ ಗದ್ದಲ ಏಳುತ್ತದೆ. ಹೊರಟವಳು ಹುಡುಗಿಯಾಗಿದ್ದು, ಒಬ್ಬಳೇ ಹೊರಟಿದ್ದು, ಹೊರಟ ಊರು ಸಮುದ್ರದಾಚೆ ಇದ್ದರಂತೂ ಕೇಳುವುದೇ ಬೇಡ. ಆಯಿಯಿಂದ ಹಿಡಿದು ಓಣಿಯ ಕಾಕಾನವರೆಗೆ ಎಲ್ಲರದೂ ಒಂದೇ ಪ್ರಶ್ನೆ: ‘ಒಬ್ಬಾಕೀನ ಹೆಂಗ ಕಳಸೂದು?’

ಗಾದೆ ಎಳೆಯರಿಗೆ ಹೇಳಿದ ಹಾಗೆ ಕೇಳಿಸುತ್ತದೆ. ನಾನು ಅದನ್ನು ಹಿರಿಯರಿಗೆ ಹೇಳಿದ್ದೆಂದೇ ಓದುತ್ತೇನೆ. ಸುತ್ತುವ ಆಸೆ ಹದಿನೆಂಟರ ವಯಸ್ಸಿಗೆ ಯಾರೂ ಕಲಿಸಬೇಕಾದ್ದಲ್ಲ. ದುಡ್ಡು, ಒಪ್ಪಿಗೆ, ಧೈರ್ಯದ ಮಾತು, ಇವು ಮೂರೂ ಇರುವುದು ದೊಡ್ಡವರ ಹತ್ತಿರ. ‘ಸುತ್ತು’ ಎಂದು ಹೇಳಿ ಅವನ್ನು ಕೊಡದಿದ್ದರೆ ಆ ಮಾತಿಗೆ ಬೆಲೆ ಎಲ್ಲಿಯದು?

ಇದನ್ನು ನೋಡಲು ದೂರ ಹೋಗಬೇಕಿಲ್ಲ. 1933ರಲ್ಲಿ ಗದಗದ ಹನ್ನೊಂದು ವರ್ಷದ ಹುಡುಗನೊಬ್ಬ ಹಾಡು ಕಲಿಯಬೇಕೆಂದು ಮನೆ ಬಿಟ್ಟು ರೈಲು ಹತ್ತಿದ. ಕಿಸೆಯಲ್ಲಿ ದುಡ್ಡಿರಲಿಲ್ಲ. ಹಾಡುತ್ತ, ಕಂಡವರ ಅನ್ನ ಉಣ್ಣುತ್ತ ಗ್ವಾಲಿಯರ್, ಕಲ್ಕತ್ತಾ ಅಂತ ಅಲೆದು ಜಲಂಧರ್‌ವರೆಗೆ ಹೋದ. ಕೊನೆಗೆ ತಂದೆ ಹುಡುಕಿ ಕರೆತಂದರು. ಆಮೇಲೆ ಕುಂದಗೋಳದ ಸವಾಯಿ ಗಂಧರ್ವರ ಮನೆಯಲ್ಲಿ ಆ ಹುಡುಗನ ನಿಜವಾದ ಪಾಠ ಶುರುವಾಯಿತು. ಆತ ಭೀಮಸೇನ ಜೋಶಿ. ಈ ಕತೆಯನ್ನು ಉತ್ತರ ಕರ್ನಾಟಕದ ಮನೆಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಾರೆ, ಹೇಳಬೇಕಾದದ್ದೇ. ಆದರೆ ಹೇಳದೆ ಓಡಿಹೋದ ಹುಡುಗನ ಬಗ್ಗೆ ಇಷ್ಟು ಹೆಮ್ಮೆ ಪಡುವ ನಾವು, ಎಲ್ಲ ಕಾಗದ ಮುಂದಿಟ್ಟು, ಖರ್ಚಿನ ಲೆಕ್ಕ ಬರೆದು, ಕೈಕಟ್ಟಿ ನಿಂತು ಅಪ್ಪಣೆ ಕೇಳುವ ಹುಡುಗಿಗೆ ‘ಬ್ಯಾಡ’ ಅನ್ನುತ್ತೇವೆ. ಈ ಅನ್ಯಾಯ ನನ್ನನ್ನು ಬಹಳ ಕಾಡುತ್ತದೆ.

ಹುಡುಗಿಯರ ಕತೆಯೂ ನಮ್ಮ ಪಕ್ಕದಲ್ಲೇ ಇದೆ. ಆನಂದಿಬಾಯಿ ಜೋಶಿ ಹುಟ್ಟಿದ್ದು 1865ರಲ್ಲಿ. ಒಂಬತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ಹೆರಿಗೆ. ಮಗು ಹತ್ತು ದಿನಕ್ಕೆ ತೀರಿಕೊಂಡಿತು. ಹೆಂಗಸರನ್ನು ನೋಡುವ ಹೆಣ್ಣು ಡಾಕ್ಟರ್ ಇಲ್ಲದ ಕಾಲ ಅದು. ತಾನೇ ಡಾಕ್ಟರಾಗುತ್ತೇನೆ ಎಂದು ಆಕೆ ನಿಶ್ಚಯಿಸಿದಳು. ಅಂಚೆ ಇಲಾಖೆಯಲ್ಲಿದ್ದ ಗಂಡ ಗೋಪಾಳರಾವ್ ಹೆಂಡತಿಯ ಓದಿಗೆ ನೆರವು ಕೇಳಿ ಅಮೆರಿಕದ ಮಿಷನರಿಯೊಬ್ಬರಿಗೆ ಪತ್ರ ಬರೆದಾಗ ಇದ್ದದ್ದು ಬೆಳಗಾವಿಗೆ ಹತ್ತಿರದ ಕೊಲ್ಲಾಪುರದಲ್ಲಿ. ಆ ಪತ್ರ ಅಮೆರಿಕದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ನ್ಯೂಜೆರ್ಸಿಯ ಕಾರ್ಪೆಂಟರ್ ಎಂಬ ಗೃಹಿಣಿ ಹಲ್ಲಿನ ವೈದ್ಯರಲ್ಲಿ ತಮ್ಮ ಸರದಿಗೆ ಕಾಯುತ್ತ ಕೂತಿದ್ದಾಗ ಅದನ್ನು ಓದಿ, ಹುಡುಗಿಗೆ ತನ್ನ ಮನೆಯಲ್ಲಿ ಜಾಗ ಕೊಡುತ್ತೇನೆಂದು ಬರೆದರು.

1883ರ ಏಪ್ರಿಲ್‌ನಲ್ಲಿ ಆನಂದಿಬಾಯಿ ಕಲ್ಕತ್ತಾದಲ್ಲಿ ಹಡಗು ಹತ್ತಿದಾಗ ವಯಸ್ಸು ಹದಿನೆಂಟು. ಜೊತೆಗೆ ಪರಿಚಯದ ಮಿಷನರಿ ಹೆಂಗಸರಿದ್ದರು. ಗಂಡ, ತಾಯಿ, ಬಂಧು ಯಾರೂ ಇರಲಿಲ್ಲ. ಜೂನ್‌ನಲ್ಲಿ ನ್ಯೂಯಾರ್ಕ್ ಸೇರಿದಳು. ಹೊರಡುವ ಮೊದಲು ಕಲ್ಕತ್ತಾ ಹತ್ತಿರದ ಸೆರಾಂಪುರದಲ್ಲಿ ಸಾರ್ವಜನಿಕ ಸಭೆಯ ಮುಂದೆ ನಿಂತು, ಊರವರು ಕೇಳುತ್ತಿದ್ದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಟ್ಟಿದ್ದಳು. ಒಬ್ಬಳೇ ಯಾಕೆ ಹೋಗುತ್ತೀಯ? ಇಲ್ಲೇ ಓದಬಾರದೆ? ತಿರುಗಿ ಬಂದರೆ ಜಾತಿಯಿಂದ ಹೊರಗೆ ಹಾಕುವುದಿಲ್ಲವೆ? ಇವತ್ತು ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರದ ಪಡಸಾಲೆಯಲ್ಲಿ ಕೇಳುವ ಪ್ರಶ್ನೆಗಳನ್ನು ಇವುಗಳ ಪಕ್ಕ ಇಟ್ಟು ನೋಡಿ. ಜಾತಿಯ ಮಾತು ಹೋಗಿ ಆ ಜಾಗಕ್ಕೆ ‘ಮುಂದ ವರ ಸಿಗಬೇಕಲ್ಲ’ ಬಂದಿದೆ. ಉಳಿದವು ಇದ್ದಲ್ಲೇ ಇವೆ.

1886ರಲ್ಲಿ ಪೆನ್ಸಿಲ್ವೇನಿಯದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದ ಆಕೆಗೆ ಕೊಲ್ಲಾಪುರದ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಿಭಾಗದ ಹೊಣೆ ಕಾದಿತ್ತು. ಕ್ಷಯ ಬಿಡಲಿಲ್ಲ. 1887ರ ಫೆಬ್ರುವರಿಯಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ ತೀರಿಕೊಂಡಳು. ಬೆಳಗಾವಿಯ ಮರಾಠಿ ಮನೆಗಳಿಗೆ ಈ ಹೆಸರು ಚೆನ್ನಾಗಿ ಗೊತ್ತು. 2019ರಲ್ಲಿ ಸಿನಿಮಾ ಕೂಡ ಬಂತು. ಪಕ್ಕದ ಕನ್ನಡ ಮನೆಗಳಿಗೂ ಅಷ್ಟೇ ಗೊತ್ತಾಗಬೇಕು ಎಂಬುದು ನನ್ನ ಆಸೆ. ‘ದೇಶ ಸುತ್ತು’ ಎಂಬ ಮಾತು ಹುಡುಗಿಯರಿಗೂ ಸೇರಿದ್ದು ಎನ್ನಲು ಇದಕ್ಕಿಂತ ಹತ್ತಿರದ ಸಾಕ್ಷಿ ನಮಗಿಲ್ಲ.

ಇನ್ನು ಪರದೇಶವೆಂದರೆ ಹೆದರಿಕೆ ಎನ್ನುವ ಮಾತು. ಬೆಳಗಾವಿ, ಖಾನಾಪುರದ ಹಿರಿಯರು ಇದನ್ನು ಹೇಳಿದಾಗ ಅವರ ಅಪ್ಪ, ಅಜ್ಜಂದಿರನ್ನು ನೆನೆಯಬೇಕು ಅನ್ನಿಸುತ್ತದೆ. 1961ರ ಡಿಸೆಂಬರ್ 19ರವರೆಗೆ ಗೋವಾ ಪೋರ್ಚುಗೀಸರದು. ಖಾನಾಪುರದಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಬೇರೆ ರಾಜ್ಯಭಾರ, ಬೇರೆ ನಾಣ್ಯ, ಬೇರೆ ಆಡಳಿತ ಭಾಷೆ. ರೈಲಿನಲ್ಲಿ ಹೋದರೆ ಲೋಂಡಾ ಆದಮೇಲೆ ಕ್ಯಾಸಲ್‌ರಾಕ್. ಅದು ಬ್ರಿಟಿಷ್ ಹಿಂದುಸ್ತಾನದ ಕೊನೆಯ ನಿಲ್ದಾಣ; ಅಲ್ಲಿ ಗಾಡಿ ನಿಲ್ಲಿಸಿ ಗಂಟುಮೂಟೆ ಬಿಚ್ಚಿಸಿ ತಪಾಸಣೆ ಮಾಡುತ್ತಿದ್ದರು. ಘಟ್ಟ ಇಳಿದು ಕುಳೆ ನಿಲ್ದಾಣ ಮುಟ್ಟಿದರೆ ಆಚೆಯವರ ತಪಾಸಣೆ. 1955ರಲ್ಲಿ ಭಾರತ ಸರ್ಕಾರ ಆ ಗಡಿಯಲ್ಲಿ ರೈಲು ಸಂಚಾರ ನಿಲ್ಲಿಸುವವರೆಗೂ ಇದು ನಡೆದಿತ್ತು. ಅಂದರೆ ಬೆಂಗಳೂರಿನವರಿಗೆ ಪರದೇಶವೆನ್ನುವುದು ಪುಸ್ತಕದಲ್ಲಿದ್ದ ಕಾಲಕ್ಕೆ ನಮ್ಮ ಕಡೆಯವರಿಗೆ ಅದು ಸಂಬಂಧಿಕರ ಊರು, ವ್ಯಾಪಾರದ ಊರು, ಕೂಲಿ ಸಿಗುವ ಊರು. ಗಡಿ ದಾಟುವ ಧೈರ್ಯ ಖಾನಾಪುರ ತಾಲ್ಲೂಕಿಗೆ ಹೊಸದಲ್ಲ.

ಈಗಿನ ಹುಡುಗಿಯರ ಕನಸಿನ ಊರು ಬೇರೆ. ಎಷ್ಟೋ ಮಕ್ಕಳ ಬಾಯಲ್ಲಿ ಲಂಡನ್, ಪ್ಯಾರಿಸ್‌ಗಿಂತ ಮೊದಲು ಬರುವುದು ದಕ್ಷಿಣ ಕೊರಿಯಾದ ಸಿಯೋಲ್. ಅಲ್ಲಿನ ಹಾಡು, ಅಲ್ಲಿನ ಧಾರಾವಾಹಿ, ಮೊಬೈಲಿನಲ್ಲಿ ಹಗಲೂರಾತ್ರಿ. ‘ಇದೆಂಥಾ ಹುಚ್ಚು’ ಎಂದು ದೊಡ್ಡವರು ಬೈಯುವುದನ್ನು ನಾನು ಕೇಳಿದ್ದೇನೆ. ಹಾಗೆ ಬೈಯುವವರು ಖಾನಾಪುರದಿಂದ ಬೆಳಗಾವಿಗೆ ಬರುವ ಬೆಳಗಿನ ಬಸ್ಸಿನಲ್ಲಿ ಒಮ್ಮೆ ಕೂರಬೇಕು. ಕಾಲೇಜಿನ ಮಕ್ಕಳಿಂದ ಕಿಕ್ಕಿರಿದ ಬಸ್ಸು. ಒಂದು ದಿನ ಅದರಲ್ಲಿ ಒಬ್ಬ ಹುಡುಗಿ ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಕೊನೆಯ ಹಾಳೆಯಲ್ಲಿ ಬರೆಯುತ್ತಿದ್ದಳು. ಒಂದು ಸಾಲು ಕನ್ನಡ, ಅದರ ಕೆಳಗೆ ಸಣ್ಣ ಸಣ್ಣ ಚೌಕದಂಥ ಅಕ್ಷರ. ಬಸ್ಸು ಕುಲುಕಿದಾಗ ಪೆನ್ನು ಎತ್ತಿ ಕಾಯುವಳು, ಮತ್ತೆ ಬರೆಯುವಳು. ಪಕ್ಕದವಳ ಜೊತೆ ಮಾತು ಮರಾಠಿಯಲ್ಲಿ, ಕಂಡಕ್ಟರ್ ಜೊತೆ ಕನ್ನಡದಲ್ಲಿ. ಕೇಳಿದೆ, ‘ಇದೇನವ್ವಾ ಬರಿಯಾಕತ್ತಿ?’ ‘ಕೊರಿಯನ್ ರೀ. ಫೋನಿನ್ಯಾಗ ನೋಡಿ ಕಲತೇನಿ’ ಅಂದಳು.

ಆಕೆ ಬರೆಯುತ್ತಿದ್ದ ಲಿಪಿ ಹಂಗುಲ್. ಓದು ಬಾರದ ಜನಸಾಮಾನ್ಯರೂ ಕಲಿಯಲಿ ಎಂದು ಸೆಜಾಂಗ್ ಎಂಬ ಅರಸ ರೂಪಿಸಿ 1446ರಲ್ಲಿ ಜಾರಿಗೆ ತಂದದ್ದು. ಈಗ ಬಳಕೆಯಲ್ಲಿರುವ ಮೂಲ ಅಕ್ಷರ ಬರೀ 24. ವ್ಯಂಜನ, ಸ್ವರ ಕೂಡಿ ನಮ್ಮ ಕಾಗುಣಿತದ ಹಾಗೆ ಒಂದೊಂದು ಗುಂಪಾಗುತ್ತವೆ. ಕೊರಿಯನ್ ವಾಕ್ಯದಲ್ಲಿ ಕ್ರಿಯಾಪದ ನಮ್ಮಲ್ಲಿಯಂತೆ ಕೊನೆಗೇ ಬರುತ್ತದೆ, ಹಿರಿಯರಿಗೆ ಬೇರೆ ಮಾತು, ಕಿರಿಯರಿಗೆ ಬೇರೆ ಮಾತು. ಕನ್ನಡ, ದೇವನಾಗರಿ, ಇಂಗ್ಲಿಷ್ ಮೂರು ಲಿಪಿಗಳನ್ನು ಅಂಗಡಿಯ ಬೋರ್ಡು ನೋಡಿಯೇ ಕಲಿತ ಗಡಿಯ ಮಗುವಿಗೆ ನಾಲ್ಕನೆಯದು ಎಷ್ಟರ ಮಾತು? ನಾಲ್ಕು ಭಾಷೆಯ ಗಿರಾಕಿಗಳ ನಡುವೆ ಬೆಳಗಾವಿಯ ಖಡೇಬಜಾರಿನಲ್ಲಿ ಚೌಕಾಸಿ ಮಾಡಿ ಬೆಳೆದವಳು ಸಿಯೋಲಿನ ಸಂತೆಯಲ್ಲಿ ದಿಕ್ಕೆಟ್ಟು ನಿಲ್ಲುವುದಿಲ್ಲ. ಗಾದೆಯ ಎರಡನೆಯ ಅರ್ಧ ಆ ಬಸ್ಸಿನಲ್ಲಿ ಆಗಲೇ ಶುರುವಾಗಿತ್ತು. ಮೊದಲರ್ಧಕ್ಕೆ ನಾವು ಏನು ಮಾಡಿದ್ದೇವೆ?

ಶುರು ಮಾಡಬೇಕಾದದ್ದು ಚಿಕ್ಕದರಿಂದ. ಭೀಮಗಡದ ಕಾಡಿನೊಳಗಿನ ಗವಾಳಿ, ಕೊಂಗಳದಂಥ ಹಳ್ಳಿಯ ಮಗುವಿಗೆ ಖಾನಾಪುರ ಮುಟ್ಟುವುದೇ ದೊಡ್ಡ ಪಯಣ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅದೂ ಇಲ್ಲ. ಖಾನಾಪುರದವಳಿಗೆ ಬೆಳಗಾವಿ, ಬೆಳಗಾವಿಯವಳಿಗೆ ಬೆಂಗಳೂರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತ. ಹದಿನಾರರ ಹುಡುಗಿ ಒಬ್ಬಳೇ ಬಾದಾಮಿಗೆ ಹೋಗಿ ಗುಹೆ ನೋಡಿ ಬರಲಿ, ಇನ್ನೊಮ್ಮೆ ವಿಜಯಪುರಕ್ಕೆ ಹೋಗಿ ಗೋಳಗುಮ್ಮಟದಲ್ಲಿ ತನ್ನ ದನಿ ತಾನೇ ಕೇಳಿ ಬರಲಿ. ಬಸ್ಸು ತಪ್ಪಿದಾಗ ಏನು ಮಾಡಬೇಕು, ಯಾರನ್ನು ಕೇಳಬೇಕು, ಯಾರನ್ನು ಕೇಳಬಾರದು ಎಂಬುದು ಅಲ್ಲೇ ಗೊತ್ತಾಗುತ್ತದೆ. ಹದಿನೆಂಟರವರೆಗೆ ಅಪ್ಪನ ಬೈಕಿನ ಹಿಂದೆಯೇ ಕೂತು ತಿರುಗಿದವಳನ್ನು ಒಮ್ಮೆಲೇ ವಿಮಾನ ಹತ್ತಿಸುವುದನ್ನು ನಾನೂ ಒಪ್ಪುವುದಿಲ್ಲ.

ಕಾಗದಪತ್ರದ ಕೆಲಸ ಮೊದಲಿನಷ್ಟು ಕಷ್ಟವಲ್ಲ. ಪಾಸ್‌ಪೋರ್ಟಿಗೆ ಹುಬ್ಬಳ್ಳಿಗೆ ಓಡಬೇಕಿತ್ತು. ಈಗ ಬೆಳಗಾವಿಯ ಅಂಚೆ ಕಚೇರಿಯಲ್ಲೇ ಆಗುತ್ತದೆ. ಹದಿನೈದು ದಾಟಿದವರು ಹತ್ತು ವರ್ಷದ ಪಾಸ್‌ಪೋರ್ಟನ್ನೇ ಕೇಳಬಹುದು. ಹದಿನೆಂಟರ ಒಳಗಿದ್ದರೆ ತಂದೆತಾಯಿಯ ಒಪ್ಪಿಗೆ ಪತ್ರ ಬೇಕು. ಪರಿಶೀಲನೆಗೆಂದು ಪೊಲೀಸರು ಮನೆಗೆ ಬಂದ ದಿನ ಓಣಿಯವರು ಕಿಟಕಿಯಲ್ಲಿ ಇಣುಕುತ್ತಾರೆ. ಆಗ ಅಪ್ಪನಾದವನು ಬಾಗಿಲಲ್ಲಿ ನಿಂತು ‘ನಮ್ಮಾಕಿ ಪರದೇಶಕ್ಕ ಹೊಂಟಾಳ, ಅದಕ್ಕ ಬಂದಾರ’ ಎಂದು ಗಟ್ಟಿಯಾಗಿ ಹೇಳಬೇಕು. ಆ ಒಂದು ಮಾತು ಮಗಳಿಗೆ ಕೊಡುವ ಬಲವನ್ನು ಸೂಟ್‌ಕೇಸಿನಲ್ಲಿ ತುಂಬುವ ಯಾವ ವಸ್ತುವೂ ಕೊಡಲಾರದು.

ದುಡ್ಡಿನ ಮಾತು ಗಾದೆಯಲ್ಲಿಲ್ಲ, ಬದುಕಿನಲ್ಲಿದೆ. ನಮ್ಮ ಜಿಲ್ಲೆ ಅದಕ್ಕೊಂದು ದಾರಿ ತೋರಿಸಿತ್ತು. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬಿಟ್ಟುಹೋದರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನದು. ಓದಿಗೆ ಹಾಕಿದ ದುಡ್ಡು ಊರಿಗೇ ತಿರುಗಿ ಬರುತ್ತದೆ ಎಂಬುದಕ್ಕೂ ಇದೇ ಜಿಲ್ಲೆಯಲ್ಲಿ ಉದಾಹರಣೆ ಇದೆ. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ ಹುಟ್ಟಿದ ಡಿ.ಸಿ. ಪಾವಟೆ ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆಗಿ ಬಂದು, ಮುಂದೆ ಕರ್ನಾಟಕ ವಿಶ್ವವಿದ್ಯಾಲಯವನ್ನು ಕಟ್ಟಿ ನಿಲ್ಲಿಸಿದ ಕುಲಪತಿಯಾದರು. ಹಳ್ಳಿಯ ಹುಡುಗನೊಬ್ಬ ಹೋಗಿ ಬಂದದ್ದರಿಂದ ಧಾರವಾಡಕ್ಕೆ ಏನು ದಕ್ಕಿತು ಎಂಬುದನ್ನು ಅಲ್ಲಿ ಓದಿದವರೆಲ್ಲ ಬಲ್ಲರು. ಇವತ್ತು ಮದುವೆಗೆಂದು ಮಗಳ ಹೆಸರಲ್ಲಿ ತೊಲಗಟ್ಟಲೆ ಬಂಗಾರ ಕೂಡಿಡುವ ಮನೆ, ಅದರಲ್ಲಿ ಒಂದು ಪಾಲನ್ನು ಆಕೆಯ ಪ್ರಯಾಣಕ್ಕೆ ತೆಗೆದರೆ ಮದುವೆಗೇನೂ ಕುಂದು ಬಾರದು.

ಓದಿನ ಬಗ್ಗೆ ಒಂದು ಮಾತು. ಹೋಗುವ ಮೊದಲು ಮೊಬೈಲಿನಲ್ಲಿ ಊರು ನೋಡಿರುತ್ತಾರೆ. ಅದು ಬೀದಿಯ ಹೆಸರು, ರೈಲಿನ ದಾರಿ ತಿಳಿಯಲು ಸಾಕು. ಹೊಸ ಊರಿನಲ್ಲಿ ಮನಸ್ಸು ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾದರೆ ನಮ್ಮವರೇ ಬರೆದ ಪುಸ್ತಕ ಬೇಕು. ಆಕ್ಸ್‌ಫರ್ಡಿಗೆ ಹೋದ ವಿ.ಕೃ. ಗೋಕಾಕರ ‘ಸಮುದ್ರದಾಚೆಯಿಂದ’, ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’, ಲೇಖಕಿ ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಇವನ್ನು ಹದಿನೆಂಟರ ಹುಡುಗಿಯ ಕೈಗೆ ಕೊಡಬೇಕು. ನೇಮಿಚಂದ್ರರನ್ನು ಮೊದಲು. ಪ್ರಯಾಣ ಮುಗಿಸಿ ಬಂದು ಮತ್ತೊಮ್ಮೆ ಓದಿದಾಗ ಅದೇ ಪುಟಗಳು ಬೇರೆಯಾಗಿ ಕಾಣುತ್ತವೆ. ಗಾದೆಯಲ್ಲಿ ಸುತ್ತುವುದು ಮುಂಚೆ, ಓದುವುದು ಆಮೇಲೆ ಬಂದಿರುವುದು ಈ ಕಾರಣಕ್ಕೇ ಇರಬೇಕು ಎಂದು ನಾನು ನಂಬಿದ್ದೇನೆ.

ಮಗಳು ಸಿಯೋಲಿನಲ್ಲಿರುವಾಗ ಮನೆಯವರು ನೆನಪಿಡಬೇಕಾದದ್ದು ಇಷ್ಟೇ: ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ತಾಸು ಮುಂದೆ. ಇಲ್ಲಿ ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ಫೋನ್ ಹಚ್ಚಿದರೆ ಅಲ್ಲಿ ನಡುರಾತ್ರಿ ದಾಟಿರುತ್ತದೆ. ಅಲ್ಲಿ ಪೊಲೀಸರಿಗೆ 112, ಆಂಬುಲೆನ್ಸಿಗೆ 119. ದಿನಕ್ಕೆ ಒಂದು ಹೊತ್ತು ಗೊತ್ತು ಮಾಡಿಕೊಂಡು ಮಾತಾಡಿ, ಉಳಿದ ಹೊತ್ತು ಆಕೆಯ ಪಾಡಿಗೆ ಬಿಡಿ. ದಾರಿ ತಪ್ಪಿದರೆ ಅಪ್ಪನಿಗಿಂತ ಮೊದಲು ಎದುರಿಗಿದ್ದವರನ್ನು ಕೇಳುವುದನ್ನು ಆಕೆ ಕಲಿಯಬೇಕು.

ತಿರುಗಿ ಬಂದ ಮೇಲೆ ಖಾನಾಪುರದ ಹೈಸ್ಕೂಲುಗಳು ಆಕೆಯನ್ನು ಕರೆದು ಒಂದು ತಾಸು ಮಾತಾಡಿಸಬೇಕು. ಹಾರ, ಶಾಲು ಬೇಡ. ಸಿಯೋಲಿನ ಅರಮನೆ ಹೇಗಿತ್ತು ಎಂದು ಕೇಳುವುದೂ ಬೇಡ, ಅದು ಮೊಬೈಲಿನಲ್ಲಿದೆ. ಎಷ್ಟು ಖರ್ಚಾಯಿತು, ದುಡ್ಡು ಹೇಗೆ ಕೂಡಿಸಿದಿ, ವೀಸಾ ಅರ್ಜಿಯಲ್ಲಿ ಎಲ್ಲಿ ಸಿಕ್ಕಿಕೊಂಡಿ, ಯಾವ ರಾತ್ರಿ ಹೆದರಿದಿ, ಯಾರು ದಾರಿ ತೋರಿಸಿದರು, ಅಪ್ಪನನ್ನು ಒಪ್ಪಿಸಿದ್ದು ಹೇಗೆ ಎಂದು ಎಂಟನೆಯ ಇಯತ್ತೆಯ ಹುಡುಗಿಯರು ಕೇಳಲಿ. ಕೊನೆಯ ಪ್ರಶ್ನೆಗೆ ಉತ್ತರ ಕೊಡುವಾಗ ಅಪ್ಪನೂ ಅಲ್ಲಿ ಕೂತಿದ್ದರೆ ಒಳ್ಳೆಯದು.