ರೇಖಿ: ಕೈ ಯಾರದು, ಶಕ್ತಿ ಯಾರದು?



"ಫಾದರ್, ಮೊಣಕಾಲು ನೋವಿಗೆ ರೇಖಿ ತೆಗೆದುಕೊಳ್ಳುತ್ತಿದ್ದೇನೆ, ಅದು ಪಾಪವೇ?" ಎಂದು ಕೇಳುವವರು ನಮ್ಮ ಧರ್ಮಕೇಂದ್ರಗಳಲ್ಲಿ ಈಗ ಅಪರೂಪವಲ್ಲ. ಕಾಯಿಲೆ ಬಿದ್ದ ಮನೆಯ ನಾಯಿಗೂ ಮಾಡಿಸಬಹುದೇ ಎಂದು ಕೇಳುವವರೂ ಉಂಟು. ಇಂಥ ಪ್ರಶ್ನೆಗೆ ನಕ್ಕುಬಿಡುವುದು ಸುಲಭ. ಸೈತಾನನ ಕೆಲಸವೆಂದು ಗದರಿಸಿ ಕಳಿಸುವುದು ಇನ್ನೂ ಸುಲಭ. ಕೇಳಿದವರಿಗೆ ಎರಡರಿಂದಲೂ ಪ್ರಯೋಜನವಿಲ್ಲ. ಮೊದಲು ಅದೇನೆಂದು ತಿಳಿಯೋಣ.

ರೇಖಿ ಹುಟ್ಟಿದ್ದು ಜಪಾನಿನಲ್ಲಿ. ಮಿಕಾವೊ ಉಸುಯಿ (1865-1926) ಎಂಬವರು 1922ರಲ್ಲಿ ಕ್ಯೋಟೊ ಬಳಿಯ ಕುರಾಮ ಬೆಟ್ಟದಲ್ಲಿ ಉಪವಾಸವಿದ್ದು ಧ್ಯಾನ ಮಾಡುವಾಗ ಈ ಶಕ್ತಿ ಅವರಿಗೆ ದೊರೆಯಿತೆಂದು ಆ ಪರಂಪರೆ ಹೇಳುತ್ತದೆ. ಅವರ ಶಿಷ್ಯರು ನೌಕಾಪಡೆಯ ಅಧಿಕಾರಿಯಾಗಿದ್ದ ಚುಜಿರೊ ಹಯಾಶಿ. ಅವರಿಂದ ಕಲಿತವರು ಹವಾಯಿ ದ್ವೀಪದ ಹವಾಯೊ ತಕಾತಾ ಎಂಬ ಮಹಿಳೆ. ಈಕೆ 1980ರಲ್ಲಿ ತೀರಿಕೊಳ್ಳುವ ಮೊದಲು 22 ಮಂದಿಯನ್ನು 'ಮಾಸ್ಟರ್'ಗಳನ್ನಾಗಿ ಮಾಡಿದ್ದರು. ಹೊರದೇಶಗಳಿಗೆ ರೇಖಿ ಹರಡಿದ್ದು ಬಹುಮಟ್ಟಿಗೆ ಇವರಿಂದ. ಉಸುಯಿಯವರು ಕ್ರೈಸ್ತ ಬೋಧಕರಾಗಿದ್ದು, ಯೇಸುಸ್ವಾಮಿ ಗುಣಪಡಿಸಿದ ರಹಸ್ಯವನ್ನು ಹುಡುಕಿಕೊಂಡು ಹೊರಟರೆಂಬ ಕಥೆಯೊಂದು ಓಡಾಡುತ್ತಿದೆ. ಅದಕ್ಕೆ ದಾಖಲೆಯಿಲ್ಲ. ಅವರ ಸ್ಮಾರಕವಿರುವುದು ಟೋಕಿಯೊದ ಒಂದು ಬೌದ್ಧ ದೇವಾಲಯದಲ್ಲಿ.

ಮಾಡುವ ರೀತಿ ಸರಳ. ರೋಗಿ ಉಟ್ಟ ಬಟ್ಟೆಯಲ್ಲೇ ಮಲಗುತ್ತಾನೆ. ರೇಖಿ ಮಾಡುವವರು ತಲೆ, ಭುಜ, ಹೊಟ್ಟೆಯ ಮೇಲೆ ಕೈಗಳನ್ನು ಹಗುರವಾಗಿ ಇಟ್ಟು, ಅಥವಾ ತುಸು ಮೇಲೆ ಹಿಡಿದು, ಕೆಲವು ನಿಮಿಷ ಸುಮ್ಮನಿರುತ್ತಾರೆ. ಉಜ್ಜುವುದಿಲ್ಲ, ಒತ್ತುವುದಿಲ್ಲ. ಪ್ರಾಣಿಗಳ ವಿಷಯದಲ್ಲಿ ಇನ್ನೂ ಮೃದು. ಸ್ವಲ್ಪ ದೂರದಲ್ಲಿ ಕುಳಿತು, ಪ್ರಾಣಿ ತಾನಾಗಿ ಹತ್ತಿರ ಬಂದರೆ ಮುಟ್ಟುವುದು, ಎದ್ದು ಹೋದರೆ ಹೋಗಲು ಬಿಡುವುದು. ವಿಶ್ವವನ್ನೆಲ್ಲ ತುಂಬಿದ ಜೀವಶಕ್ತಿ ಕೈಗಳ ಮೂಲಕ ಹರಿದು ಗುಣಪಡಿಸುತ್ತದೆಂಬುದು ಅವರ ನಂಬಿಕೆ.

ಇದರಲ್ಲಿ ಒಳ್ಳೆಯದೇನೂ ಇಲ್ಲವೇ? ಇದೆ. ನೋವಿನಲ್ಲಿರುವವರ ಬಳಿ ಒಬ್ಬರು ಗಡಿಯಾರ ನೋಡದೆ ಒಂದು ಗಂಟೆ ಕುಳಿತುಕೊಳ್ಳುತ್ತಾರೆ. ಅದು ಸಣ್ಣ ವಿಷಯವಲ್ಲ. ಮೈ ಸಡಿಲವಾಗುತ್ತದೆ, ಉಸಿರು ನಿಧಾನವಾಗುತ್ತದೆ, ನೋವೂ ಕಡಿಮೆಯಾದಂತೆ ಅನಿಸಬಹುದು. ಹಾಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಒಂದರ ನಂತರ ಇನ್ನೊಂದು ಆಯಿತೆಂದ ಮಾತ್ರಕ್ಕೆ ಮೊದಲಿನದೇ ಎರಡನೆಯದಕ್ಕೆ ಕಾರಣವಾಗದು. ಇದು ಸೆಮಿನರಿಯ ತತ್ವಶಾಸ್ತ್ರದ ಆರಂಭದ ಪಾಠಗಳಲ್ಲೊಂದು. ಕೈಗಳಿಂದ ಶಕ್ತಿಯನ್ನು ಅರಿಯುತ್ತೇವೆಂದು ಹೇಳುವ, ರೇಖಿಗೆ ಹತ್ತಿರದ 'ಥೆರಪ್ಯೂಟಿಕ್ ಟಚ್' ಎಂಬ ಪದ್ಧತಿಯ 21 ಮಂದಿಯನ್ನು ಅಮೆರಿಕದ ಒಂಬತ್ತು ವರ್ಷದ ಬಾಲಕಿಯೊಬ್ಬಳು ಪರೀಕ್ಷಿಸಿದಳು. ಮರೆಯ ಆಚೆಯಿಂದ ಅವರ ಎಡಗೈ ಅಥವಾ ಬಲಗೈ ಹತ್ತಿರ ತನ್ನ ಕೈ ಹಿಡಿದು, ಯಾವ ಕೈ ಎಂದು ಕೇಳಿದಳು. 280 ಸಲ ಕೇಳಿದಾಗ ನೂರಕ್ಕೆ 44ರಷ್ಟು ಉತ್ತರ ಸರಿ ಬಂದಿತು. ಕಾಸು ಚಿಮ್ಮಿ ಹೇಳಿದ್ದರೂ ಐವತ್ತರಷ್ಟು ಸರಿ ಬರುತ್ತಿತ್ತು! 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯೇ ಇದನ್ನು ಪ್ರಕಟಿಸಿತು.

ಆದರೆ ನಮಗೆ ಮುಖ್ಯವಾದದ್ದು ಬೇರೆ ಇದೆ. ರೇಖಿ ಪುಸ್ತಕ ಓದಿ ಕಲಿಯುವ ವಿದ್ಯೆಯಲ್ಲ. ಮಾಸ್ಟರ್ ಒಬ್ಬರು ದೀಕ್ಷೆ ಕೊಟ್ಟು ಶಿಷ್ಯರಲ್ಲಿ ಶಕ್ತಿಯ ದಾರಿ ತೆರೆಯಬೇಕು. ಎರಡನೆಯ ಹಂತದಲ್ಲಿ ಗುರುತುಗಳನ್ನು ಕಲಿಸುತ್ತಾರೆ. ಅವುಗಳಿಂದ ದೂರದಲ್ಲಿರುವವರಿಗೂ ಶಕ್ತಿ ಕಳಿಸಬಹುದಂತೆ. ತಕಾತಾ ಅವರು ಮಾಸ್ಟರ್ ಹಂತಕ್ಕೆ ಹತ್ತು ಸಾವಿರ ಡಾಲರ್ ತೆಗೆದುಕೊಳ್ಳುತ್ತಿದ್ದರು.

ಇಲ್ಲಿ ಪ್ರೇಷಿತರ ಕಾರ್ಯಕಲಾಪಗಳ 8ನೆಯ ಅಧ್ಯಾಯವನ್ನು ತೆರೆದು ನೋಡಿರಿ. ಸಮಾರಿಯದಲ್ಲಿ ಪೇತ್ರ, ಯೊವಾನ್ನರು ಜನರ ಮೇಲೆ ಕೈಗಳನ್ನಿಟ್ಟು ಪ್ರಾರ್ಥಿಸುತ್ತಾರೆ, ಜನ ಪವಿತ್ರಾತ್ಮರನ್ನು ಪಡೆಯುತ್ತಾರೆ. ಅದನ್ನು ಕಂಡ ಸಿಮೋನನೆಂಬ ಮಾಂತ್ರಿಕ ಹಣ ತಂದು, ಆ ಶಕ್ತಿ ತನಗೂ ಬೇಕೆಂದು ಕೇಳುತ್ತಾನೆ. ಪೇತ್ರನಿಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ಹಣ ಕೊಡಲು ಬಂದದ್ದಷ್ಟೇ ಆ ಸಿಟ್ಟಿಗೆ ಕಾರಣವೇ? ದೇವರ ವರವನ್ನು ಒಬ್ಬನು ಕೊಂಡು, ತನ್ನದಾಗಿ ಇಟ್ಟುಕೊಂಡು, ಬೇಕೆಂದಾಗ ಹರಿಸಬಹುದೆಂದು ತಿಳಿದನಲ್ಲ, ತಪ್ಪಿನ ಬೇರು ಇರುವುದು ಅಲ್ಲಿ. ರೇಖಿ ಕಲಿಸುವವರೆಲ್ಲ ಸಿಮೋನರೆಂದು ನಾನು ಹೇಳುತ್ತಿಲ್ಲ. ಅವರಲ್ಲಿ ನಿಜವಾದ ಕರುಣೆಯುಳ್ಳವರು ಇದ್ದಾರೆ. ಆದರೂ ದೇವರ ಕೈಯಲ್ಲಿರುವುದು ನಮ್ಮ ಕೈಗೆ ಬಂದಿದೆಯೆಂಬ ಆ ಎಣಿಕೆಯನ್ನು ನಾವು ಒಪ್ಪಲಾರೆವು.

ಸಂತ ಪೌಲನನ್ನೇ ನೋಡಿರಿ. ಅವನ ಕೈಗಳಿಂದ ಎಷ್ಟೋ ರೋಗಿಗಳು ಗುಣವಾದರು. ತನ್ನ ಶರೀರಕ್ಕೆ ನಾಟಿದ್ದ ಮುಳ್ಳನ್ನು ತೆಗೆಯಬೇಕೆಂದು ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ. ಶಕ್ತಿ ಅವನ ಸ್ವತ್ತಾಗಿದ್ದರೆ ತನಗೇ ಹಚ್ಚಿಕೊಳ್ಳುತ್ತಿದ್ದ! ನಾವು ಬೇಡುವವರು. 'ಬೇಡ' ಎನ್ನುವ ಸ್ವಾತಂತ್ರ್ಯ ದೇವರಿಗಿದೆ. ಕ್ಯಾನ್ಸರಿನಿಂದ ಬಳಲುವ ಮಗುವಿನ ತಾಯಿಗೆ ಈ ಮಾತು ಕಠಿಣವೆಂದು ಬಲ್ಲೆ. ಆದರೆ ಗುಣವಾಗದಿದ್ದಾಗ 'ನಿನ್ನಲ್ಲಿ ಶಕ್ತಿ ಹರಿಯಲು ತಡೆಯಿದೆ' ಎಂದು ಆ ತಾಯಿಯ ತಲೆಗೇ ಕಟ್ಟುವ ಮಾತು ಇದಕ್ಕಿಂತ ಕಠಿಣ. (ನಮ್ಮವರಲ್ಲೂ 'ನಿನಗೆ ವಿಶ್ವಾಸ ಸಾಲದು' ಎಂದು ರೋಗಿಯನ್ನು ಚುಚ್ಚುವ ಪ್ರಾರ್ಥನಾ ವೀರರಿದ್ದಾರೆ. ಅವರಿಗೂ ಇದೇ ಮಾತು.)

ಅಮೆರಿಕದ ಕೆಲವು ಕಥೋಲಿಕ ಧ್ಯಾನಕೇಂದ್ರಗಳಲ್ಲೂ ಆಸ್ಪತ್ರೆಗಳಲ್ಲೂ ರೇಖಿ ನಡೆಯುತ್ತಿದ್ದುದರಿಂದ ಅಲ್ಲಿನ ಧರ್ಮಾಧ್ಯಕ್ಷರ ಮಂಡಳಿಯ ಸಿದ್ಧಾಂತ ಸಮಿತಿ 2009ರ ಮಾರ್ಚ್ 25ರಂದು ಮಾರ್ಗಸೂಚಿ ಹೊರಡಿಸಿತು. ರೇಖಿಗೆ ವಿಜ್ಞಾನದ ಆಧಾರವೂ ಇಲ್ಲ, ಕ್ರೈಸ್ತ ವಿಶ್ವಾಸದ ಆಧಾರವೂ ಇಲ್ಲ, ಆದ್ದರಿಂದ ಕಥೋಲಿಕ ಸಂಸ್ಥೆಗಳು ಅದನ್ನು ಪ್ರೋತ್ಸಾಹಿಸುವುದು ಸಲ್ಲದು, ಅದರಲ್ಲಿ ಭರವಸೆ ಇಡುವುದು ಮೂಢನಂಬಿಕೆಯ ಎಡೆಗೆ ಕಾಲಿಟ್ಟಂತೆ ಎಂಬುದು ಅದರ ಸಾರ. ಬೇರೆ ಧರ್ಮಗಳಲ್ಲಿರುವ ಸತ್ಯವನ್ನೂ ಪಾವನವಾದುದನ್ನೂ ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿದೆ. ಆದ್ದರಿಂದ ಜಪಾನಿನಿಂದ ಬಂತೆಂಬ ಕಾರಣಕ್ಕೆ ಯಾರೂ ಇದನ್ನು ಹೀಯಾಳಿಸಬೇಕಾಗಿಲ್ಲ.

ನನ್ನನ್ನು ಕಾಡುವ ಪ್ರಶ್ನೆಯೇ ಬೇರೆ. ನಮ್ಮ ಜನ ಅಲ್ಲಿಗೆ ಏಕೆ ಹೋಗುತ್ತಾರೆ? ಮಕ್ಕಳು ಊರು ಬಿಟ್ಟು ದೂರದಲ್ಲಿರುವ ಮುದುಕಿಯನ್ನು ಒಂದು ವಾರದಲ್ಲಿ ಎಷ್ಟು ಕೈಗಳು ಮುಟ್ಟುತ್ತವೆ? ರಕ್ತದೊತ್ತಡ ನೋಡುವ ನರ್ಸಿನ ಕೈ, ಔಷಧದ ಅಂಗಡಿಯಲ್ಲಿ ಚಿಲ್ಲರೆ ಕೊಡುವ ಕೈ, ಅಷ್ಟೇ. ಯಾರೂ ಮುಟ್ಟದ ಕುಷ್ಠರೋಗಿಯನ್ನು ಯೇಸುಸ್ವಾಮಿ ಕೈಚಾಚಿ ಮುಟ್ಟಿದರೆಂದು ಸಂತ ಮಾರ್ಕನು ಬರೆಯುತ್ತಾನೆ. ಒಂದು ಮಾತಿನಿಂದಲೇ ಗುಣಪಡಿಸಬಹುದಿತ್ತು, ಆದರೂ ಮುಟ್ಟಿದರು. ಆ ಕೈ ಇಂದು ನಮ್ಮ ಬೀದಿಯಲ್ಲಿ ಕಾಣದಿದ್ದರೆ, ದುಡ್ಡು ಕೊಟ್ಟಾದರೂ ಇನ್ನೊಂದು ಕೈಯನ್ನು ಹುಡುಕುವ ಆ ಮುದುಕಿಯ ಮೇಲೆ ತಪ್ಪು ಹೊರಿಸುವುದು ಹೇಗೆ? ರೋಗಿಯ ಕೈ ಹಿಡಿದು ಒಂದು ಗಂಟೆ ಮೌನವಾಗಿ ಕುಳಿತುಕೊಳ್ಳಲು ಯಾವ ದೀಕ್ಷೆಯೂ ಬೇಡ. ರೋಗಿಯ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ ಪ್ರಾರ್ಥಿಸಲು ಗುರುಗಳೇ ಬರಬೇಕೆಂದಿಲ್ಲ. ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು, ಯುವಕ ಯುವತಿಯರು ಈ ವಾರವೇ ಆರಂಭಿಸಬಹುದು.

ಈಗಾಗಲೇ ರೇಖಿಗೆ ಹೋಗುತ್ತಿರುವವರು ಹೆದರಬೇಡಿರಿ, ಬಂದು ನಿಮ್ಮ ಗುರುಗಳೊಂದಿಗೆ ಮಾತಾಡಿರಿ. ಆದರೆ ಸಕ್ಕರೆ ಕಾಯಿಲೆಯ ಗುಳಿಗೆಯನ್ನಾಗಲಿ ಹೃದಯದ ಔಷಧವನ್ನಾಗಲಿ ಯಾರ ಮಾತಿಗೂ ನಿಲ್ಲಿಸಬೇಡಿರಿ. ವೈದ್ಯರನ್ನು ಸೃಷ್ಟಿಸಿದವರೂ ದೇವರೇ ಎಂದು ಸಿರಾಖನು ಹೇಳಿದ್ದಾನೆ. ಯಕೋಬನ ಪತ್ರದಲ್ಲಿ ಹೇಳಿರುವ ರೋಗಿಗಳ ಅಭ್ಯಂಗ ಸಂಸ್ಕಾರವನ್ನು ಕೊನೆಯುಸಿರಿನವರೆಗೆ ಕಾಯದೆ ಕೇಳಿ ಪಡೆಯಿರಿ. ದೊಡ್ಡ ಆಪರೇಷನ್ನಿಗೆ ಮುಂಚೆ, ಮುಪ್ಪಿನಲ್ಲಿ ಮೈ ಸೋತಾಗ ಅದನ್ನು ಪಡೆಯಬಹುದು. ಗುರುಗಳು ಎಣ್ಣೆ ಹಿಡಿದು ಬಂದರೆ ಸಾವು ಬಂತೆಂದು ಮನೆಯವರು ಅಳುವುದು ಇನ್ನಾದರೂ ನಿಲ್ಲಲಿ.

ಇನ್ನು ನಾಯಿಯ ವಿಷಯ. ತೋಬಿತನ ಗ್ರಂಥದಲ್ಲಿ ಯುವಕ ತೋಬಿಯ ಪ್ರಯಾಣ ಹೊರಟಾಗ ಜೊತೆಗೆ ಹೋದವರು ಇಬ್ಬರು, ದೇವದೂತ ರಫಾಯೇಲ ಮತ್ತು ಮನೆಯ ನಾಯಿ. ರಫಾಯೇಲ ಎಂದರೆ 'ದೇವರು ಗುಣಪಡಿಸುತ್ತಾರೆ' ಎಂದರ್ಥ. ಆದ್ದರಿಂದ ನಾಯಿಗಾಗಿ ಬೇಡುವುದರಲ್ಲಿ ನಾಚಿಕೆಯೇನಿಲ್ಲ. ಅದರ ಬಳಿ ಕುಳಿತು ಮೈ ಸವರಿರಿ, ಅದಕ್ಕೆ ನಿಮ್ಮ ಕೈ ಗೊತ್ತು. ಆದರೆ ಮೊದಲು ಪಶುವೈದ್ಯರ ಬಳಿಗೆ ಕರೆದೊಯ್ಯಿರಿ, ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ತಪ್ಪಿಸಬೇಡಿರಿ. ಆಮೇಲೆ ದೇವಾಲಯದ ಅಂಗಳಕ್ಕೂ ಕರೆತನ್ನಿ. 1984ರಲ್ಲಿ ಧರ್ಮಸಭೆ ಹೊರತಂದ ಆಶೀರ್ವಾದಗಳ ಗ್ರಂಥದಲ್ಲಿ ಪ್ರಾಣಿಗಳಿಗಾಗಿಯೇ ಒಂದು ವಿಧಿಯಿದೆ. ಹಸುವಾದರೂ ಸರಿ, ಬೆಕ್ಕಾದರೂ ಸರಿ. ನಾಯಿಯನ್ನು ಮಾತ್ರ ದಯವಿಟ್ಟು ಹಗ್ಗ ಹಾಕಿ ತನ್ನಿ.