ನೆನಪನ್ನು ತಿದ್ದಬಹುದೇ?

ನಾನು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ಇಪ್ಪತ್ತು ವರ್ಷಗಳಿಂದ ಪರರ ಸರ್ವಿಸ್ ಬುಕ್ಕು, ರಜೆಯ ಲೆಕ್ಕ, ಪೆನ್ಶನ್ ಕಾಗದಗಳ ನಡುವೆಯೇ ಕಾಲ ಕಳೆದವನು. ನಮ್ಮಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ. ಹುಟ್ಟಿದ ತಾರೀಖು ತಪ್ಪಾಗಿ ದಾಖಲಾಗಿದೆಯೆಂದು ಸೇವೆಗೆ ಸೇರಿದ 5 ವರ್ಷಗಳೊಳಗೆ ಅರ್ಜಿ ಕೊಡದ ನೌಕರನ ಪಾಲಿಗೆ, ಅನಂತರ ಹೆತ್ತ ತಾಯಿಯೇ ಬಂದು ಸಾಕ್ಷಿ ಹೇಳಿದರೂ ತಾರೀಖು ಬದಲಾಗುವುದು ಕಷ್ಟ. ಇಂಥ ಶಿಸ್ತಿನಲ್ಲಿ ಪಳಗಿದ ಮನುಷ್ಯ ನಿವೃತ್ತರ ಹರಟೆಯಲ್ಲಿ ಹೋಗಿ ಕುಳಿತರೆ ಏನಾಗಬಹುದೆಂದು ಓದುಗರು ಊಹಿಸಬಹುದು. ಯಾರಾದರೂ "ಅದು ಎಪ್ಪತ್ತನಾಲ್ಕರಲ್ಲಿ" ಎಂದರೆ ಸಾಕು, "ಆಧಾರ?" ಎಂದು ಕೇಳಲು ನನ್ನ ನಾಲಗೆ ತುರಿಸುತ್ತದೆ. "ಮನೆಗೆ ಬಂದ ಮೇಲೂ ಟಿಪ್ಪಣಿ ಹಾಕುವುದು ಬಿಡುವುದಿಲ್ಲ ನೀವು" ಎಂದು ನನ್ನ ಮನೆಯಾಕೆ ಹೇಳುವುದುಂಟು.

ಹರಟೆ ನಡೆಯುವುದು ಡೊಂಬಿವಲಿ ಪೂರ್ವದಲ್ಲಿ, ನನ್ನ ತಂದೆಯ ಹಳೆಯ ಗೆಳೆಯರೊಬ್ಬರ ಮನೆಯಲ್ಲಿ. ತಿಂಗಳ ಎರಡನೆಯ ಭಾನುವಾರ ಐದಾರು ಮಂದಿ ಸೇರುತ್ತಾರೆ. ಎಲ್ಲರೂ ಎಪ್ಪತ್ತು ದಾಟಿದವರು. ಬ್ಯಾಂಕು, ರೈಲ್ವೆ, ಖಾಸಗಿ ಕಂಪನಿಗಳಿಂದ ನಿವೃತ್ತರಾದವರು. ಒಬ್ಬೊಬ್ಬರಿಗೂ ಒಂದೊಂದು ಹುಚ್ಚು. ಮನೆಯ ಯಜಮಾನರು ಹಳೆಯ ವಾಲ್ವ್ ರೇಡಿಯೋಗಳನ್ನು ಬಿಚ್ಚಿ ಜೋಡಿಸುವವರು. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ಇವರನ್ನು ಕಂಡರೆ ಈಗಲೂ ಹಳೆಯ ಪೆಟ್ಟಿಗೆಯನ್ನು ಹೊರಗೆ ತೆಗೆಯುತ್ತಾರಂತೆ. ಇನ್ನೊಬ್ಬರು ಅಂಚೆಚೀಟಿ ಕೂಡಿಡುವವರು. ಮತ್ತೊಬ್ಬರು ಫೌಂಟನ್ ಪೆನ್ನುಗಳ ಭಕ್ತರು, ನಿವೃತ್ತಿಯ ಅನಂತರ ಸಂಸ್ಕೃತ ಕಲಿತವರು. ಅವರನ್ನು ಎಲ್ಲರೂ ಶಾಸ್ತ್ರಿಗಳೆಂದೇ ಕರೆಯುತ್ತಾರೆ. ನನ್ನ ತಂದೆ ಶಾರ್ಟ್ ವೇವ್ ಕೇಳುಗರಾಗಿದ್ದರು. ದೂರದೇಶದ ನಿಲಯಗಳನ್ನು ಹಿಡಿದು, ಕೇಳಿದ ವರದಿಯನ್ನು ಅಂಚೆಯಲ್ಲಿ ಕಳಿಸಿ, ಅವರು ಕಳಿಸುವ ಕಾರ್ಡುಗಳನ್ನು ಕೂಡಿಡುವ ಹವ್ಯಾಸ. ಅವರು ತೀರಿಕೊಂಡು ಹನ್ನೆರಡು ವರ್ಷವಾಯಿತು. ಅವರ ಕುರ್ಚಿಯಲ್ಲಿ ಈಗ ನಾನು ಕುಳಿತುಕೊಳ್ಳುತ್ತೇನೆ. ಆ ಗುಂಪಿಗೆಲ್ಲ ನಾನೇ ಮಾಣಿ.

ಮಾತಿಗೆ ಏನು ಬರಗಾಲ! 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 30 ವಾಟಿನ ಯಂತ್ರವಿಟ್ಟು ಪ್ರಸಾರ ಆರಂಭಿಸಿದ್ದನ್ನು ರೇಡಿಯೋ ಮಾಮ ಪ್ರತಿ ಸಲವೂ ಹೇಳುತ್ತಾರೆ. "ನಮ್ಮ ಹಳೆಯ ಟ್ಯೂಬ್‌ಲೈಟಿಗೇ 40 ವಾಟ್ ಬೇಕಿತ್ತು ಮಾರಾಯ, ಆ ಮನುಷ್ಯ ಅದಕ್ಕಿಂತ ಕಡಿಮೆಯಲ್ಲಿ ಆಕಾಶವಾಣಿ ಕಟ್ಟಿದ!" 1952ರಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡು ಮಾಯವಾದಾಗ ಊರಿಗೆ ಊರೇ ರೇಡಿಯೋ ಸಿಲೋನಿನ ಕಡೆ ಮುಳ್ಳು ತಿರುಗಿಸಿದ್ದು, 1957ರಲ್ಲಿ ವಿವಿಧ ಭಾರತಿ ಬಂದದ್ದು, ರೇಡಿಯೋ ಇಟ್ಟುಕೊಳ್ಳಲು ವರ್ಷವರ್ಷವೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಬೇಕಾಗಿದ್ದದ್ದು. ಆ ಲೈಸೆನ್ಸ್ ಪುಸ್ತಕವನ್ನು ಮಾಮ ಇನ್ನೂ ಇಟ್ಟುಕೊಂಡಿದ್ದಾರೆ. ಇವೆಲ್ಲ ಪುಸ್ತಕದಲ್ಲಿ ಸಿಗುವ ಸಂಗತಿಗಳು, ಜಗಳವಿಲ್ಲ. ಜಗಳ ಹುಟ್ಟುವುದು ಮನೆಯೊಳಗಿನ ನೆನಪುಗಳಲ್ಲಿ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಮಾತು 1983ರ ವಿಶ್ವಕಪ್ ಕ್ರಿಕೆಟ್ಟಿನತ್ತ ಹೊರಳಿತು. ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್ ಎಂಬಲ್ಲಿ ಜಿಂಬಾಬ್ವೆಯ ಎದುರು ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಔಟಾಗದೆ 175 ಹೊಡೆದರು. ಒಂಬತ್ತನೆಯ ವಿಕೆಟ್ಟಿಗೆ ನಮ್ಮ ಕಿರ್ಮಾನಿ ಜೊತೆಗೆ ನಿಂತು, ಇಬ್ಬರೂ ಕೂಡಿ ಮುರಿಯದ 126 ರನ್ ಸೇರಿಸಿದರು. ಅಂಚೆಚೀಟಿ ಮಾಮ ಅದನ್ನು ವರ್ಣಿಸತೊಡಗಿದರು. ಮುಲುಂಡಿನ ನೆರೆಮನೆಯ ಟಿ.ವಿ.ಯ ಮುಂದೆ ತಾವು ಕುಳಿತದ್ದು, ಕಿರ್ಮಾನಿ ಬ್ಯಾಟು ಊರಿ ನಿಂತ ಭಂಗಿ, ಮಾಮಿ ತಟ್ಟೆಯಲ್ಲಿ ಹಲಸಿನ ತೊಳೆ ತಂದಿಟ್ಟರೂ ಯಾರೂ ಕೈಹಾಕದೆ ಕುಳಿತದ್ದು. ನನಗೆ ತಡೆಯಲಾಗಲಿಲ್ಲ. "ಮಾಮ, ಆ ಪಂದ್ಯ ಟಿ.ವಿ.ಯಲ್ಲಿ ಬರಲೇ ಇಲ್ಲವಲ್ಲ! ಅಂದು ಮೈದಾನದಲ್ಲಿ ಬಿ.ಬಿ.ಸಿ.ಯ ಕ್ಯಾಮೆರಾವೇ ಇರಲಿಲ್ಲ" ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಒಳ್ಳೆಯದಿತ್ತು. ಮೊಬೈಲು ತೆಗೆದು ಅವರ ಕನ್ನಡಕದ ಮುಂದೆ ಹಿಡಿದೆ. ಅವರು ಓದಿದರು. "ಹೌದಾ" ಎಂದರು. ಮುಂದೆ ಎರಡು ತಿಂಗಳು ಅವರು ಬರಲಿಲ್ಲ.

ವಿಚಾರಿಸಲು ಫೋನು ಮಾಡಿದಾಗ ಅವರ ಮಗಳು ಹೇಳಿದಳು: "ಅಪ್ಪ ಆ ಮ್ಯಾಚಿನ ಮಾತು ತೆಗೆಯುವುದು ಅಮ್ಮನಿಗೋಸ್ಕರ ಅಣ್ಣ. ಅಮ್ಮ ಅಂದು ಹಲಸಿನ ಹಣ್ಣು ತಂದಳು ಅಂತ ಹೇಳಬೇಕು, ಅಷ್ಟೇ." ಮಾಮಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ಆ ಮನುಷ್ಯ ಕ್ರಿಕೆಟ್ಟಿನ ದಾರಿ ಹಿಡಿದು ಹೆಂಡತಿಯ ಬಳಿ ಹೋಗುತ್ತಿದ್ದಾರೆಂಬುದು ನನಗೆ ಹೊಳೆದಿರಲಿಲ್ಲ. ನಾನು ಹೇಳಿದ್ದು ಸತ್ಯ. ಅದರಲ್ಲಿ ಅಕ್ಷರದಷ್ಟೂ ತಪ್ಪಿಲ್ಲ. ಆದರೂ ಮುಂದಿನ ಸಭೆಯಲ್ಲಿ ಅವರ ಖಾಲಿ ಕುರ್ಚಿಯನ್ನು ನೋಡುವುದು ನನ್ನಿಂದಾಗಲಿಲ್ಲ.

ಶಾಸ್ತ್ರಿಗಳು ಅಂದು ಒಂದು ಮಾತು ತಂದರು. ನ್ಯಾಯಶಾಸ್ತ್ರದವರು ಜ್ಞಾನವನ್ನು ಸ್ಮೃತಿ, ಅನುಭವ ಎಂದು ಎರಡಾಗಿ ಒಡೆಯುತ್ತಾರೆ. ತರ್ಕಸಂಗ್ರಹ ಓದಿದವರಿಗೆ ಇದು ಗೊತ್ತು. ಪ್ರಮೆ ಎನ್ನಿಸಿಕೊಳ್ಳುವುದು ಯಥಾರ್ಥವಾದ ಅನುಭವ ಮಾತ್ರ. ಸ್ಮೃತಿಗೆ ಆ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ. ಮಧ್ವಮತದವರು ಮಾತ್ರ ಇದನ್ನು ಒಪ್ಪರು. ಟೀಕಾಚಾರ್ಯ ಜಯತೀರ್ಥರು ಯಥಾರ್ಥವಾದ ಸ್ಮೃತಿಯನ್ನೂ ಪ್ರಮಾಣದ ಸಾಲಿಗೆ ಸೇರಿಸುತ್ತಾರೆ. ಕಣ್ಣು ಎದುರಿನದನ್ನು ಕಾಣುವಂತೆ ಮನಸ್ಸು ಕಳೆದುಹೋದದ್ದನ್ನು ಕಾಣುತ್ತದೆಂಬುದು ಅವರ ನಿಲುವು. "ನೆನಪು ಪ್ರಮಾಣ ಅಲ್ಲ ಅಂದರೆ ಈ ಲೋಕದಲ್ಲಿ ಯಾರು ಯಾರ ಕೈಸಾಲ ತೀರಿಸಿಯಾರು?" ಎಂದು ಶಾಸ್ತ್ರಿಗಳು ನಕ್ಕರು. ಅವರು ಬ್ಯಾಂಕಿನಲ್ಲಿದ್ದವರು.

ನಾನು ಬಿ.ಎಸ್‌ಸಿ. ಓದಿದವನು, ನನ್ನ ಬುದ್ಧಿ ಪ್ರಯೋಗದ ಕಡೆ ಓಡುತ್ತದೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ನೌಕೆ ಸ್ಫೋಟಗೊಂಡಿತಷ್ಟೆ. ಮರುದಿನವೇ ಅಲ್ಲಿನ ಎಮರಿ ವಿಶ್ವವಿದ್ಯಾಲಯದಲ್ಲಿ ಉಲ್ರಿಕ್ ನೈಸರ್ ಎಂಬ ಮನಶ್ಶಾಸ್ತ್ರಜ್ಞರು ಸುದ್ದಿ ಎಲ್ಲಿ, ಯಾರಿಂದ ತಿಳಿಯಿತೆಂದು ವಿದ್ಯಾರ್ಥಿಗಳಿಂದ ಬರೆಸಿ ಇಟ್ಟುಕೊಂಡರು. ಎರಡೂವರೆ ವರ್ಷ ಕಳೆದ ಮೇಲೆ ಅದೇ ಪ್ರಶ್ನೆ ಕೇಳಿದರೆ ಅನೇಕರ ಉತ್ತರವೇ ಬೇರೆ, ಅದೂ ಎದೆತಟ್ಟಿ ಹೇಳುವಷ್ಟು ಭರವಸೆಯಿಂದ. ಅವರದೇ ಹಳೆಯ ಬರಹವನ್ನು ಮುಂದಿಟ್ಟರೂ ಮೊದಲಿನ ನೆನಪು ಮರಳಿ ಬರಲಿಲ್ಲ. ಅಂದ ಮೇಲೆ ಅಂಚೆಚೀಟಿ ಮಾಮ ಸುಳ್ಳು ಹೇಳಿದರೆನ್ನುವುದು ಅನ್ಯಾಯ. ಅವರು ಕಂಡದ್ದನ್ನೇ ಹೇಳಿದರು, ಕಂಡದ್ದು ಆ ದಿನ ಅಲ್ಲ ಅಷ್ಟೆ.

ಸತ್ಯ, ಪ್ರಿಯಗಳ ಕುರಿತ ಹಳೆಯ ಶ್ಲೋಕ ಎಲ್ಲರಿಗೂ ಬಾಯಿಪಾಠ. ನನಗೋ ಅದು ಎರಡೂ ಬಾಗಿಲು ಮುಚ್ಚಿ ನಡುಮನೆಯಲ್ಲಿ ನಿಲ್ಲಿಸಿದಂತೆ ಕಾಣುತ್ತದೆ. ನಾನು ಮಾಮನ ಮನೆಗೆ ಹೋಗಿ ಕ್ಷಮೆ ಕೇಳಿ ಕರೆತಂದೆ. ಇನ್ನು ಮೇಲೆ ಯಾರ ನೆನಪನ್ನೂ ತಿದ್ದುವುದಿಲ್ಲವೆಂದು ನಿಶ್ಚಯಿಸಿದೆ. ಈ ನಿಶ್ಚಯ ಒಂದು ವರ್ಷ ಸುಖವಾಗಿ ನಡೆಯಿತು.

ರೇಡಿಯೋ ಮಾಮನ ಬಳಿಯೂ ಒಂದು 1983ರ ಕಥೆ ಇದೆ. ಆಗ ಅವರು ಪರೇಲಿನ ಚಾಳೊಂದರಲ್ಲಿದ್ದರು. ಜೂನ್ 25, ಲಾರ್ಡ್ಸ್ ಮೈದಾನದ ಫೈನಲ್. ಟಿ.ವಿ. ಇರುವ ಮನೆಗೆ ಹೋಗಲು ಅವರಿಗೆ ಸಂಕೋಚ, ಖೋಲಿಯಲ್ಲೇ ಟ್ರಾನ್ಸಿಸ್ಟರು. ನಾವು 183ಕ್ಕೆ ಮುಗಿಸಿದ್ದೆವು, ವೆಸ್ಟ್ ಇಂಡೀಸಿನ ವಿಕೆಟ್ಟುಗಳು ಬೀಳುತ್ತಿದ್ದವು, ಸರಿಯಾದ ಹೊತ್ತಿಗೆ ಸೆಲ್ ಕೈಕೊಟ್ಟಿತು. ಜೊತೆಗಿದ್ದ ನನ್ನ ತಂದೆ ತಮ್ಮ ಟಾರ್ಚಿನಿಂದ ಎರಡು ಸೆಲ್ ತೆಗೆದುಕೊಟ್ಟರು. ನಡುರಾತ್ರಿಯ ಹೊತ್ತಿಗೆ ಮೊಹಿಂದರ್ ಅಮರನಾಥ್ ಹೋಲ್ಡಿಂಗನನ್ನು ಎಲ್‌ಬಿಡಬ್ಲ್ಯು ಮಾಡಿದಾಗ ನಾವು 43 ರನ್ನಿನಿಂದ ಗೆದ್ದಿದ್ದೆವು, ಇಬ್ಬರೂ ತಬ್ಬಿಕೊಂಡು ಅತ್ತುಬಿಟ್ಟರಂತೆ. ಈ ಕಥೆಯನ್ನು ಹತ್ತು ಸಲವಾದರೂ ಕೇಳಿದ್ದೇನೆ. ನನ್ನ ತಂದೆ ಅತ್ತದ್ದನ್ನು ನಾನು ಎಂದೂ ನೋಡಿದವನಲ್ಲ. ಆದ್ದರಿಂದಲೇ ನನಗೆ ಅದು ಬಹಳ ಪ್ರಿಯ.

ಕಳೆದ ಮಳೆಗಾಲದಲ್ಲಿ ಮನೆಗೆ ಬಣ್ಣ ಹೊಡೆಸಲು ಅಟ್ಟ ಖಾಲಿ ಮಾಡುವಾಗ ತಂದೆಯ ರೇಡಿಯೋ ದಾಖಲೆಯ ಪುಸ್ತಕಗಳು ಸಿಕ್ಕಿದವು. ತಾರೀಖು, ಗ್ರೀನ್‌ವಿಚ್ ವೇಳೆ, ಮೀಟರು, ನಿಲಯ, ಧ್ವನಿಯ ಗುಣ, ಎಲ್ಲ ಅಚ್ಚುಕಟ್ಟಾಗಿ ಗೆರೆ ಎಳೆದ ಕಾಲಮ್ಮುಗಳಲ್ಲಿ. 1983ರ ಜೂನಿನ ಪುಟ ತೆರೆದೆ. 25ರ ಎದುರು ಹೀಗಿತ್ತು: "ಊರು. ಅಮ್ಮನಿಗೆ ಜ್ವರ. ಮಳೆ. ಸೆಲ್ ಮುಗಿದಿದೆ, ಕಾಮೆಂಟರಿ ಇಲ್ಲ." ಮರುದಿನ: "ಗೆದ್ದೆವಂತೆ. ಬಸ್ಸಿನವನು ಹೇಳಿದ." ಆ ರಾತ್ರಿ ಅವರು ಕುಂದಾಪುರದ ಬಳಿ, ಅಜ್ಜಿಯ ಹಾಸಿಗೆಯ ಪಕ್ಕದಲ್ಲಿದ್ದರು.

ಸುಮ್ಮನಿರುವುದೆಂದು ಮೊದಲೇ ನಿಶ್ಚಯಿಸಿದ್ದೆನಲ್ಲ, ಸುಮ್ಮನಿದ್ದೆ. ಆದರೆ ಈ ಮೌನ ಮೊದಲಿನಷ್ಟು ಶುಚಿಯಾಗಿರಲಿಲ್ಲ. ಅಂಚೆಚೀಟಿ ಮಾಮನ ತಪ್ಪಿನಿಂದ ನನಗೆ ಲಾಭವಿರಲಿಲ್ಲ, ಎಲ್ಲರೆದುರು ತಿದ್ದಿದೆ. ಈ ತಪ್ಪಿನಿಂದ ನನ್ನ ತಂದೆ ದೊಡ್ಡವರಾಗುತ್ತಾರೆ, ಬಾಯಿ ಮುಚ್ಚಿಕೊಂಡೆ. ಇದಕ್ಕೆ ದಾಕ್ಷಿಣ್ಯವೆಂದು ಹೆಸರಿಟ್ಟುಕೊಳ್ಳಲು ನನಗೇ ನಾಚಿಕೆಯಾಯಿತು.

ಅಷ್ಟರಲ್ಲಿ ರೇಡಿಯೋ ಮಾಮನೇ ಒಂದು ದಿನ, "ನಮ್ಮ ಸಂಘದ ಪತ್ರಿಕೆಗೆ ಆ ಕಥೆ ಬರೆದುಕೊಡು ಮಾಣಿ, ನನ್ನ ಕೈ ನಡುಗುತ್ತದೆ" ಎಂದರು. ಈ ಲೇಖನ ಹುಟ್ಟಿದ್ದು ಅಲ್ಲಿಂದ. ಹರಟೆಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಅಚ್ಚಾದದ್ದು ನಿಲ್ಲುತ್ತದೆ. ಅದರಲ್ಲೂ ನಮ್ಮಂಥ ವಲಸೆ ಬಂದವರಿಗೆ ಈ ಮುಂಬಯಿಯಲ್ಲಿ ಬೇರೆ ದಾಖಲೆ ಏನಿದೆ? ಊರಿನಲ್ಲಾದರೆ ಗದ್ದೆಯ ಪಹಣಿ, ದೇವಸ್ಥಾನದ ಲೆಕ್ಕ, ಮನೆತನದ ಹೆಸರು ಇರುತ್ತದೆ. ಇಲ್ಲಿ ಬಾಡಿಗೆಗಿದ್ದ ಚಾಳು ಬಿದ್ದು ಟವರ್ ಎದ್ದಿತು. ಎದುರಿನ ಮಿಲ್ಲಿನ ಜಾಗದಲ್ಲಿ ಅಂಗಡಿಗಳ ಅರಮನೆ ಬಂದಿತು. ಅಲ್ಲಿ ಯಾರಿದ್ದರು, ಯಾರು ಯಾರಿಗೆ ಏನು ಕೊಟ್ಟರು ಎಂಬುದಕ್ಕೆ ಈ ಐದಾರು ಮುದುಕರೇ ರಿಜಿಸ್ಟರು.

ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು, ಹರಟೆಯ ದಿನ ಬಿಟ್ಟು, ವಾರದ ನಡುವೆ ಒಬ್ಬನೇ ಹೋದೆ. ಮಾಮ ಭೂತಗನ್ನಡಿ ಹಿಡಿದು ಓದಿದರು.

"ಅಕ್ಷರ ಅವನದೇ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ಅವನು ಇದ್ದ ಮಾರಾಯ. ನನಗೆ ಕಾಣುತ್ತಿದೆ" ಎಂದರು.

ನಾನು ಏನೂ ಹೇಳಲಿಲ್ಲ. ಮಾಮಿ ತಂದಿಟ್ಟ ಕಾಫಿ ಕೆನೆಗಟ್ಟಿತು. ಮಾಮ ಪುಟವನ್ನು ಇನ್ನೊಮ್ಮೆ ನೋಡಿ, ಪುಸ್ತಕ ಮುಚ್ಚಿ, ಯಾರನ್ನೋ ಹುಡುಕುವವರ ಹಾಗೆ ಬಾಗಿಲ ಕಡೆ ತಿರುಗಿದರು.

"ಹಾಗಾದರೆ ಸೆಲ್ ಕೊಟ್ಟವ ಯಾರು?"

ಉತ್ತರ ಅಂದು ಬರಲಿಲ್ಲ. ರಾತ್ರಿ ಹತ್ತೂವರೆಗೆ ಅವರ ಫೋನು ಬಂತು. ಪಕ್ಕದ ಖೋಲಿಯವನು, ರತ್ನಾಗಿರಿಯ ಕಡೆಯವನು, ಮಿಲ್ ಕಾರ್ಮಿಕ. 1982ರ ಜನವರಿ 18ರಂದು ಹೂಡಿದ ಮುಷ್ಕರದಲ್ಲಿ ಹೊರಬಂದ ಎರಡೂವರೆ ಲಕ್ಷ ಜನರಲ್ಲಿ ಒಬ್ಬ. ಅಂದಿಗೆ ಒಂದೂವರೆ ವರ್ಷದಿಂದ ಸಂಬಳವಿಲ್ಲ, ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿದ್ದ. ರಾತ್ರಿ ಗ್ಯಾಲರಿಯ ಕೊನೆಯ ಪಾಯಿಖಾನೆಗೆ ಹೋಗಲು ಟಾರ್ಚು ಬೇಕು. ಅದರ ಸೆಲ್ ತೆಗೆದುಕೊಟ್ಟ. ಮರುದಿನ ದುಡ್ಡು ಕೊಡಲು ಹೋದರೆ ಬೇಡವೆಂದ. ಕೆಲವು ತಿಂಗಳಲ್ಲಿ ಖೋಲಿ ಬಿಟ್ಟು ಹೋದವನನ್ನು ಮಾಮ ಮತ್ತೆ ಕಾಣಲಿಲ್ಲ. "ಅತ್ತವನೂ ಅವನೇ ಮಾಣಿ. ನಾನು ನಲವತ್ತು ವರ್ಷ ಅವನ ಸೆಲ್ಲನ್ನು ನಿನ್ನಪ್ಪನ ಹೆಸರಿಗೆ ಬರೆದುಬಿಟ್ಟೆ" ಎಂದರು. ಧ್ವನಿ ಸರಿಯಿರಲಿಲ್ಲ.

ಈ ಎರಡನೆಯ ನೆನಪಿಗಾದರೂ ಆಧಾರವೇನೆಂದು ನನ್ನೊಳಗಿನ ಗುಮಾಸ್ತ ಕೇಳದೆ ಇರುತ್ತಾನೆಯೇ? ಆಧಾರವಿಲ್ಲ. ಊರಲ್ಲಿ ಸೆಲ್ ಮುಗಿದ ಸಂಗತಿಯನ್ನು ತಂದೆ ಬಂದು ಹೇಳಿರಬೇಕು, ಅದು ಈ ಕಡೆಯ ಸೆಲ್ಲಿನ ಜೊತೆ ಬೆರೆತಿರಬೇಕು ಎಂಬುದು ನನ್ನ ಊಹೆ. ತಂದೆ ಮುಂದೆ ಮೂವತ್ತು ವರ್ಷ ಮಾಮನ ಎದುರಿಗಿದ್ದರು, ತೀರಿಕೊಂಡ ಮೇಲೂ ಅವರ ಮಾತು ತೆಗೆಯಲು ನಾವೆಲ್ಲ ಇದ್ದೆವು. ಆ ಕಾರ್ಮಿಕನ ಪರವಾಗಿ ಕೆಮ್ಮುವವರೂ ಯಾರಿರಲಿಲ್ಲ. ನೆನಪಿಗೂ ವಶೀಲಿ ಬೇಕು ಎಂದಾಯಿತು. ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಒಬ್ಬನ ಸೇವೆ ಇನ್ನೊಬ್ಬನ ಪುಸ್ತಕದಲ್ಲಿ ಜಮೆಯಾಗಿತ್ತು.

ಈಗ ನನಗೆ ಅನ್ನಿಸುವುದು ಇಷ್ಟು. ಅಂಚೆಚೀಟಿ ಮಾಮನ ಟಿ.ವಿ. ನೆನಪಿನಿಂದ ಯಾರ ಜಾಗವೂ ಹೋಗಿರಲಿಲ್ಲ. ಹಲಸಿನ ತೊಳೆ ತಂದಿಟ್ಟವರು ಮಾಮಿಯೇ, ಬೇರೆ ಯಾವುದೋ ಪಂದ್ಯದ ದಿನ ಇದ್ದಿರಬಹುದು. ಅಲ್ಲಿ ನಾನು ಮೊಬೈಲು ತೆಗೆದದ್ದು ಅಧಿಕಪ್ರಸಂಗ. ಇಲ್ಲಿ ಒಬ್ಬ ಬಡವನ ಜಾಗದಲ್ಲಿ ನನ್ನ ತಂದೆ ಕುಳಿತಿದ್ದರು. ಎಬ್ಬಿಸದೆ ಇದ್ದಿದ್ದರೆ ನಾನು ಅವರ ಮಗನೆನ್ನಿಸಿಕೊಳ್ಳಲು ಲಾಯಕ್ಕಾಗುತ್ತಿರಲಿಲ್ಲ. ಗೆರೆ ಎಳೆದು ಪುಸ್ತಕ ಬರೆದ ಮನುಷ್ಯ ಅವರು. ಎಲ್ಲ ಸಂದರ್ಭಕ್ಕೂ ಈ ಅಳತೆಗೋಲು ಸಾಲದೆಂದು ಶಾಸ್ತ್ರಿಗಳು ವಾದಿಸುತ್ತಾರೆ, ಮುಂದಿನ ತಿಂಗಳು ಅದರ ಮೇಲೆ ಚರ್ಚೆಯಿದೆ.

ಮಿಲ್ಲಿನವರ ಹೆಸರು ಮಾಮನಿಗೆ ನೆನಪಾಗಿದೆ. ಅವರ ಮನೆಯವರನ್ನು ಕೇಳದೆ ಅಚ್ಚು ಹಾಕಿಸುವುದು ಸರಿಯಲ್ಲವೆಂದು ಇಲ್ಲಿ ಬರೆದಿಲ್ಲ. ಮೊನ್ನೆಯ ಭಾನುವಾರ ಮಾಮ ಕಥೆಯನ್ನು ಹೊಸದಾಗಿ ಹೇಳಿದರು. ಸೆಲ್ ಕೊಟ್ಟದ್ದು ಪಕ್ಕದ ಖೋಲಿಯವನು, ತಬ್ಬಿಕೊಂಡು ಅತ್ತದ್ದೂ ಅವನೇ. ನನ್ನ ತಂದೆ ಮಾತ್ರ ಬಾಗಿಲ ಬಳಿ ನಗುತ್ತ ನಿಂತಿದ್ದರಂತೆ. ನಾನು ಖಾಲಿ ಲೋಟಗಳನ್ನು ಎತ್ತಿಕೊಂಡು ಅಡಿಗೆಮನೆಯ ಕಡೆ ನಡೆದೆ.