ತೆರಿಗೆ ಕಟ್ಟಿದೆವು, ತಗಾದೆ ಬಿಟ್ಟೆವು

ಎರಡೆರಡು ಸಲ ಕಟ್ಟುತ್ತಿದ್ದೇವೆ ಎಂಬುದು ನಮ್ಮ ಮಧ್ಯಮವರ್ಗದ ಹಳೆಯ ಗೊಣಗಾಟ. ಸರ್ಕಾರಕ್ಕೆ ತೆರಿಗೆ, ಖಾಸಗಿ ಶಾಲೆಗೆ ಫೀಸು. ನಮ್ಮ ಮಕ್ಕಳು ಕಾಲಿಡದ ಸರ್ಕಾರಿ ಶಾಲೆಗೆ ನಮ್ಮ ದುಡ್ಡೇಕೆ?

ಲೆಕ್ಕ ಅಷ್ಟು ಸಲೀಸಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಇಬ್ಬರು ಮಕ್ಕಳ ಬೋಧನಾ ಶುಲ್ಕದ ರಸೀತಿ ತೋರಿಸಿದರೆ, ಒಂದೂವರೆ ಲಕ್ಷದ ಒಟ್ಟು ಮಿತಿಯೊಳಗೆ ವಿನಾಯಿತಿ ಉಂಟು. ಗಾರೆ ಕೆಲಸದ ಹೆಂಗಸು ಸೋಪು ಕೊಂಡಾಗ ಜಿಎಸ್‌ಟಿ ಕಟ್ಟುತ್ತಾಳೆ. ಆಕೆಗೆ ಯಾವ ರಸೀತಿಯೂ ಏನನ್ನೂ ಮರಳಿಸುವುದಿಲ್ಲ. ನಮ್ಮ ಫೀಸಿನ ಒಂದು ಚೂರನ್ನು ಆಕೆಯೂ ಹೊರುತ್ತಿದ್ದಾಳೆ ಎಂದು ಪೋಷಕರ ಯಾವ ವಾಟ್ಸ್‌ಆ್ಯಪ್ ಗುಂಪಿನಲ್ಲೂ ನಾನು ಓದಿಲ್ಲ.

ದುಡ್ಡಿನ ಮಾತು ಹಾಗಿರಲಿ. ನಾವು ಸರ್ಕಾರಿ ಶಾಲೆ ಬಿಟ್ಟುಬಂದ ಮೇಲೂ ತೆರಿಗೆ ಹೋಗುತ್ತಲೇ ಇದೆ; 2018ರಿಂದ ಆದಾಯ ತೆರಿಗೆಯ ಮೇಲೆ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ಬೇರೆ. ಅಲ್ಲಿಗೆ ಹೋಗದಿರುವುದು ನಮ್ಮ ತಗಾದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ, ಅಂದರೆ ಎಸ್‌ಡಿಎಂಸಿಯಲ್ಲಿ, ಮುಕ್ಕಾಲು ಪಾಲು ಪೋಷಕರಿರಬೇಕು. ಇರುತ್ತಾರೆ. ಆದರೆ ಅದರ ಸಭೆಗೆ ಬಂದು ಕೂತರೆ ಅವತ್ತಿನ ಕೂಲಿ ಹೋಯಿತು. ಗಣಿತದ ಮೇಷ್ಟ್ರ ಹುದ್ದೆ ಏಕೆ ಖಾಲಿ ಎಂದು ಬಿಇಒ ಕಚೇರಿಗೆ ಅಲೆಯಲು, ಅರ್ಜಿ ಗೀಚಲು, ಶಾಸಕರಿಗೆ ಫೋನು ಹಚ್ಚಲು ಬಿಡುವೂ ಬಾಯಿಯೂ ಇದ್ದವರು ಮಕ್ಕಳನ್ನು ಹಳದಿ ಬಸ್ಸು ಹತ್ತಿಸಿ ಕೈತೊಳೆದುಕೊಂಡಿದ್ದಾರೆ.

ಹಾಗೆಂದು ಬಡವರನ್ನಷ್ಟೇ ಅಲ್ಲಿ ತಡೆದು ನಿಲ್ಲಿಸಿದರೆ ಶಾಲೆ ಉಳಿದೀತೇ? ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಮೀಸಲಾದ ಶೇ 25 ಸೀಟಿಗೆ ಬೊಕ್ಕಸದಿಂದ ಶುಲ್ಕ ತುಂಬುತ್ತಿದ್ದ ಕರ್ನಾಟಕ 2019ರಲ್ಲಿ ನಿಯಮ ಬದಲಿಸಿತು: ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಆ ಸೀಟಿಲ್ಲ. ಖಜಾನೆಯ ಕಣ್ಣಲ್ಲಿ ನ್ಯಾಯವೇ. ಪಕ್ಕದಲ್ಲೇ ತನ್ನ ಶಾಲೆಯಿರುವಾಗ ಇನ್ನೊಬ್ಬರಿಗೇಕೆ ಕೊಡಬೇಕು? ಆದರೆ ನಾವು ದುಡ್ಡು ಕೊಟ್ಟು ಹೊರಬಿದ್ದ ಬಾಗಿಲು ಕೂಲಿಯವಳ ಮಗಳಿಗೆ ಮುಚ್ಚಿತು.

1966ರ ಕೊಠಾರಿ ಆಯೋಗದ ವರದಿಯಿಂದ, ರಾಷ್ಟ್ರೀಯ ಆದಾಯದ ಶೇ 6 ಶಿಕ್ಷಣಕ್ಕೆ ಎಂಬ ಮಾತು ನಮಗೆ ಬಾಯಿಪಾಠ, ಪ್ರತಿ ಬಜೆಟ್ಟಿಗೂ ಎತ್ತುತ್ತೇವೆ. ನೆರೆಹೊರೆಯ ಮಕ್ಕಳೆಲ್ಲ ಜಾತಿ, ವರ್ಗವೆನ್ನದೆ ಒಂದೇ ಶಾಲೆಯಲ್ಲಿ ಕಲಿಯಲಿ ಎಂದು ಅದೇ ವರದಿ ಹೇಳಿದ್ದನ್ನು ಯಾರೂ ಎತ್ತುವುದಿಲ್ಲ. 2015ರಲ್ಲಿ ಅಲಹಾಬಾದ್ ಹೈಕೋರ್ಟ್, ಉತ್ತರಪ್ರದೇಶ ಸರ್ಕಾರದ ಸಂಬಳ ಪಡೆಯುವವರ ಮಕ್ಕಳು ಸರ್ಕಾರಿ ಶಾಲೆಗೇ ಹೋಗಬೇಕೆಂದಿತು. ಅದು ಜಾರಿಯಾಗಲಿಲ್ಲ. ಬಲವಂತ ನನಗೂ ಒಪ್ಪಿಗೆಯಿಲ್ಲ. ಹೆತ್ತವರ ಹೆದರಿಕೆಯನ್ನು ಕೋರ್ಟು ನೀಗಲಾರದು. ಆದರೆ ಅಧಿಕಾರಿಯ ಮಗುವೂ ಅಲ್ಲೇ ಕೂತರೆ ಮಾತ್ರ ಅಧಿಕಾರಿ ಆ ಶಾಲೆಯತ್ತ ತಿರುಗಿ ನೋಡಿಯಾನು ಎಂಬ ಆ ಆದೇಶದ ತರ್ಕಕ್ಕೆ ನನ್ನಲ್ಲಿ ಎದುರುತ್ತರವಿಲ್ಲ.